ಕೀಲಿಯವಳು ಹೇಳಿದ ಮಾತು

ನೀರ್ಗೋಟೆಯಲ್ಲಿ ಒಂದು ಕಟ್ಟಳೆಯಿದೆ. ಅಲ್ಲಿ ಬಾಯಿಂದ ಹೊರಬಿದ್ದ ಮಾತು ನಡೆದೇ ತೀರಬೇಕು. "ನಾಳೆ ನೋಡೋಣ" ಎಂದು ತಲೆ ತಪ್ಪಿಸಿಕೊಂಡವನು ಮರುದಿನ ಕಣ್ಣುಬಿಟ್ಟರೆ ಅದೇ ಮುಖವನ್ನು ನೋಡಬೇಕು. "ನಕ್ಕೂ ನಕ್ಕೂ ಸತ್ತೆ ಕಣೇ" ಎಂದವಳು ಅಲ್ಲೇ ಒರಗಬೇಕು. ಹಾಗಾಗಿ ಅಲ್ಲಿಯ ಜನ ಮಾತನ್ನು ತೂಗಿ ಆಡುತ್ತಾರೆ. ಗಂಡಹೆಂಡಿರ ಜಗಳಗಳೂ ಬಹುಮಟ್ಟಿಗೆ ಕಣ್ಣಲ್ಲೇ ಮುಗಿಯುತ್ತವೆ.

ಈ ನೀರ್ಗೋಟೆ ಯಾವ ನಕ್ಷೆಯಲ್ಲೂ ಇಲ್ಲ. ಅದು ಹುಟ್ಟಿದ್ದು, ಬೆಳೆದದ್ದು, ಮೂರು ಯುಗಗಳನ್ನು ಕಂಡದ್ದು ಎಲ್ಲವೂ ಇಕ್ಕಟ್ಟಾದ ಬೀದಿಯೊಂದರ ಮೂರಂತಸ್ತಿನ ಮನೆಯಲ್ಲಿ, ಆ ಮನೆಯ ಸೊಸೆಯ ಭಾವನ ಮೇಜಿನ ಮೇಲೆ. ಭಾವ ಎಂದರೆ ಗಂಡನ ಅಣ್ಣ, ಮದುವೆಯಾಗದೆ ಉಳಿದವರು, ಊರೂರುಗಳಲ್ಲಿ ಓದುಗರಿದ್ದ ಕಥೆಗಾರರು. ಕೆಳಗಿನ ಅಂತಸ್ತಿನಲ್ಲಿ ಪ್ರೆಸ್ಸು. ಅದನ್ನು ನೋಡಿಕೊಳ್ಳುವವನು ಅವಳ ಗಂಡ. ನಡುವಿನ ಅಂತಸ್ತಿನಲ್ಲಿ ಅಡುಗೆಮನೆ, ಮಲಗುವ ಕೋಣೆಗಳು, ಅತ್ತೆಯ ಕುರ್ಚಿ. ಮೇಲೆ ಭಾವನ ಕೋಣೆ, ಅದರ ಬಾಗಿಲಿಗೆ ಅಂಟಿಕೊಂಡಂತೆ ಅವಳ ಮೇಜು. ಮೇಜಿನ ಎಡಬಲಕ್ಕೆ ತಲೆಯೆತ್ತರದ ಕಪಾಟುಗಳು, ಎದುರಿಗೊಂದು ಕಿಟಕಿ. ಕಿಟಕಿಯಾಚೆ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಪಕ್ಕದ ಕಟ್ಟಡದ ಗೋಡೆ. ಆ ಗೋಡೆಯ ಮೇಲೆ ನೀರಿಳಿದು ಮೂಡಿದ ಕಲೆಯೊಂದಿತ್ತು. ಮದುವೆಯಾದ ಹೊಸದರಲ್ಲಿ ಅದು ಕುದುರೆಯಂತೆ ಕಾಣುತ್ತಿತ್ತು. ಈಗ ಕಲೆಯಂತೆಯೇ ಕಾಣುತ್ತಿತ್ತು.

ಅವಳ ಕೆಲಸ ಹೋಲಿಸಿ ನೋಡುವುದು. ಮಂತ್ರದ ಯುಗ, ಕತ್ತಿಯ ಯುಗ, ಗಡಿಯಾರದ ಯುಗ ಎಂದು ಭಾವ ಮೂರು ಕಾಲಗಳ ಕಥೆಗಳನ್ನು ಬರೆದಿದ್ದರು. ಅದೂ ಒಂದರ ಹಿಂದೊಂದು ಅಲ್ಲ, ಮನಸ್ಸು ಬಂದಂತೆ ಹಿಂದೆ ಮುಂದೆ ಹಾರುತ್ತ. ಮೊದಲ ಯುಗದಲ್ಲಿ ಪಡುವಣಕ್ಕೆ ಹರಿದ ಹೊಳೆ ಮೂರನೆಯದರಲ್ಲಿ ಮೂಡಣಕ್ಕೆ ಹರಿಯಬಾರದಲ್ಲ? ಅಜ್ಜನಿಗೆ ಎಡಗಣ್ಣು ಕುರುಡಾಗಿದ್ದರೆ ಮೊಮ್ಮಗ ಅವನ ಚಿತ್ರ ನೋಡಿ ಬಲಗಣ್ಣು ಎನ್ನಬಾರದಲ್ಲ? ಅದನ್ನೆಲ್ಲ ಕಾಯುವವಳು ಅವಳು. ಮದುವೆಯಾಗಿ ಬಂದ ಹೊಸದರಲ್ಲಿ ಹೊತ್ತು ಹೋಗದೆ ಪ್ರೂಫ್ ಓದುತ್ತ ಕೂತವಳು, ವಿಷ ಕುಡಿದು ಸತ್ತ ದಳಪತಿ ಆರು ಅಧ್ಯಾಯಗಳ ನಂತರ ಹಸೆಮಣೆ ಏರುತ್ತಿರುವುದನ್ನು ಕಂಡು ಬಿದ್ದು ಬಿದ್ದು ನಕ್ಕಿದ್ದಳು. ಭಾವ ಮಹಡಿಯಿಂದ ಓಡಿಬಂದು, ನಗುವಿಗೆ ಕಾರಣ ತಿಳಿದು, ಅವಳ ಎದುರು ಕೈಮುಗಿದು, "ಅಮ್ಮಾ ತಾಯಿ, ನೀನು ನಮ್ಮನೆ ಒರೆಗಲ್ಲು" ಅಂದಿದ್ದರು.

ಆ ಹೆಸರೇ ಉಳಿಯಿತು. ಮಕ್ಕಳಾಗಲಿಲ್ಲ. ಆ ಮನೆಯಲ್ಲಿ ಎಲ್ಲರೂ ಕೈಯಲ್ಲೆತ್ತಿ ಆಡಿಸುತ್ತಿದ್ದ ಕೂಸು ಎಂದರೆ ನೀರ್ಗೋಟೆಯೇ. ಬರೆದವರು ಒಬ್ಬರು, ಅಚ್ಚು ಹಾಕಿದವರು ಇನ್ನೊಬ್ಬರು, ಅದರ ಮೂಗು ಒರೆಸಿದವಳು ಅವಳು. ಯಾರೂ ಅವಳನ್ನು ಗದರಿಸಿದ್ದಿಲ್ಲ. ಊಟಕ್ಕೆ ಅವಳು ಬರುವವರೆಗೆ ತಟ್ಟೆ ಹಾಕುತ್ತಿರಲಿಲ್ಲ. ಮೇಜು ಬಿಟ್ಟೆದ್ದು ಮೆಟ್ಟಿಲಿಳಿದರೆ ಅತ್ತೆ "ಎಲ್ಲಿಗಮ್ಮ?" ಎನ್ನುತ್ತಿದ್ದರು. ಪ್ರೆಸ್ಸು ದಾಟುವಾಗ ಗಂಡ ತಲೆಯೆತ್ತಿ "ಎಲ್ಲಿಗೆ?" ಎನ್ನುತ್ತಿದ್ದ. ಬರುವಷ್ಟರಲ್ಲಿ ಭಾವ ಮೆಟ್ಟಿಲ ತುದಿಯಲ್ಲಿ ನಿಂತು "ಎಲ್ಲಿ ಹೋಗ್ಬಿಟ್ಟಿದ್ದೆ?" ಎನ್ನುತ್ತಿದ್ದರು. ಎಲ್ಲವೂ ಅಕ್ಕರೆಯ ಮಾತುಗಳೇ. ಆದರೂ ಈಚೆಗೆ ಆ ಮೂರು ಪ್ರಶ್ನೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸರಪಳಿಯಾದಂತೆ ಅವಳಿಗೆ ಅನ್ನಿಸುತ್ತಿತ್ತು.

ಮೂರೂ ಯುಗಗಳ ಕಥೆಗಳನ್ನು ಸೇರಿಸಿ ಒಂದೇ ದಪ್ಪ ಸಂಪುಟ ತರುವುದೆಂದು ಗೊತ್ತಾದ ದಿನ ಅವಳು ಒಂದು ಕೆಲಸ ಮಾಡಿದಳು. ಬಂದರು ಊರಿನಲ್ಲಿ ನಿಘಂಟು ಕಚೇರಿಯೊಂದಿತ್ತು. ಅಲ್ಲಿಗೆ ಪ್ರೂಫ್ ನೋಡುವವರು ಬೇಕೆಂದು ಪತ್ರಿಕೆಯಲ್ಲಿ ಓದಿ, ತರಕಾರಿ ತರುವ ನೆವದಲ್ಲಿ ಹೋಗಿ, ಬೀದಿಕೊನೆಯ ಅಂಗಡಿಯಿಂದ ಫೋನ್ ಮಾಡಿದಳು. ಆ ಕಚೇರಿಯ ಸಂಪಾದಕಿಯದು ಒರಟು ದನಿ. ನಾಲ್ಕಾರು ಪದ ಕೊಟ್ಟು ತಪ್ಪು ಹುಡುಕಿಸಿ, ಕೊನೆಗೆ, "ಬನ್ನಿ. ಕಚೇರಿ ಹಿಂದೆ ರೂಮಿದೆ, ಅಲ್ಲೇ ಇರಬಹುದು. ಬರೋ ತಿಂಗಳ ಮೊದಲನೇ ಸೋಮವಾರ ಬರದಿದ್ರೆ ಬೇರೆಯವರನ್ನ ತಗೋತೀನಿ, ಆಮೇಲೆ ಅಳಬೇಡಿ" ಅಂದಿದ್ದಳು.

ಅವಳಿಗೆ ಆ ಒರಟುತನವೇ ಹಿಡಿಸಿತು. ಅಲ್ಲಿ ಯಾರೂ ತನ್ನನ್ನು ಕಾಯುವುದಿಲ್ಲ! ಸಂಪುಟದ ಕೊನೆಯ ಪುಟ ತಿದ್ದಿ, ಪೆನ್ನಿನ ಮುಚ್ಚಳ ಹಾಕಿ, ಅಂದೇ ಊಟದ ಹೊತ್ತಿಗೆ ಎಲ್ಲರೆದುರು ಹೇಳಿಬಿಡುವುದು ಎಂದುಕೊಂಡಳು. ಕೆಲಸ ಮುಗಿಸಿ ಹೊರಟವಳನ್ನು ಯಾರು ತಾನೇ ತಡೆದಾರು?

ಈ ಗುಟ್ಟು ಗೊತ್ತಿದ್ದದ್ದು ಹೊಲಿಗೆಯಕ್ಕನಿಗೆ ಮಾತ್ರ. ಪ್ರೆಸ್ಸಿನ ಹಿಂಭಾಗದಲ್ಲಿ ಕೂತು ಅಚ್ಚಾದ ಫಾರಂಗಳನ್ನು ಮಡಿಸಿ, ಸೂಜಿದಾರದಲ್ಲಿ ಹೊಲಿದು ಪುಸ್ತಕ ಮಾಡುವ ಹೆಂಗಸು ಆಕೆ. ಬಾಯಲ್ಲಿ ದಾರ ಕಚ್ಚಿಕೊಂಡೇ ಮಾತಾಡುವವಳು. "ಹೇಳ್ದೆ ಓಡಿಹೋಗು ಮಾರಾಯ್ತಿ," ಅಂದಿದ್ದಳು ಆಕೆ. "ಹೇಳೋಕೆ ಕೂತ್ರೆ ಟೀ ಕುಡಿಸ್ತಾರೆ. ಟೀ ಕುಡಿದ್ಮೇಲೆ ಯಾರೂ ಎಲ್ಲಿಗೂ ಹೋದದ್ದು ನಾನು ಕಂಡಿಲ್ಲ."

ತಪ್ಪು ಸಿಕ್ಕಿದ್ದು ಕೊನೆಯ ವಾರದಲ್ಲಿ.

ಗಡಿಯಾರದ ಯುಗದ ಕೊನೆಯ ಕಥೆ ಕೀಲಿಯವಳದು. ನೀರ್ಗೋಟೆಯ ನಡುಗೋಪುರದಲ್ಲಿರುವ ಗಡಿಯಾರಕ್ಕೆ ದಿನಾ ಕೀಲಿ ಕೊಡುವ ಹೆಂಗಸು ಅವಳು. ತಾಯಿಯಿಂದ ಬಂದ ಕೆಲಸ. ಗಡಿಯಾರ ನಿಂತರೆ ಕೋಟೆಯಲ್ಲಿ ಕಾಲವೇ ನಿಲ್ಲುತ್ತದೆಂದು ಎಲ್ಲರೂ ಅವಳನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ, ಗೋಪುರದಿಂದ ಕೆಳಗಿಳಿಯಲು ಮಾತ್ರ ಬಿಡುವುದಿಲ್ಲ. ಕೊನೆಗೊಂದು ದಿನ ಅವಳು ಕೀಲಿಯನ್ನು ಮೊಳೆಗೆ ತೂಗುಹಾಕಿ, ಇಳಿದು, ದೋಣಿ ಹತ್ತಿ, ಕೋಟೆಯನ್ನು ಬಿಟ್ಟು ಶಾಶ್ವತವಾಗಿ ಹೊರಟುಹೋಗುತ್ತಾಳೆ. ಕಥೆ ಮೊದಲ ಸಲ ಬಂದಾಗ ಓದಿದವರು ಅತ್ತಿದ್ದರು. ಅವಳೂ ಅತ್ತಿದ್ದಳು, ತಿದ್ದುತ್ತ ತಿದ್ದುತ್ತಲೇ.

ಈಗ ಮೂರೂ ಯುಗಗಳ ಪ್ರೂಫುಗಳು ಮೇಜಿನ ಮೇಲೆ ಪಕ್ಕಪಕ್ಕದಲ್ಲಿದ್ದವು. ಎಡಗೈ ಮಂತ್ರದ ಯುಗದ ಮೊದಲ ಪುಟದ ಮೇಲಿತ್ತು. ಅಲ್ಲಿಯೇ ಆ ಕಟ್ಟಳೆ: ಆಡಿದ ಮಾತು ಆಗಿಯೇ ತೀರಬೇಕು, ಯುಗ ಮುಗಿದರೂ ಮಾತು ಮುಗಿಯದು. ಬಲಗೈ ಕೀಲಿಯವಳ ಕೊನೆಯ ಪುಟದ ಮೇಲಿತ್ತು. ಅಲ್ಲಿ ಕೀಲಿಯವಳು ದೋಣಿಯಲ್ಲಿ ಒಂದು ಕಾಲಿಟ್ಟು, ಹಿಂತಿರುಗಿ, ಬಾಗಿಲ ಕಾವಲಿನ ಮುದುಕಿಗೆ ಹೇಳುತ್ತಾಳೆ: "ಹೋಗಿ ಬರ್ತೀನಿ."

ಓದುತ್ತಿದ್ದವಳ ಬೆರಳು ಅಲ್ಲೇ ನಿಂತಿತು.

ಎಷ್ಟು ಸಲ ಓದಿದ್ದಳೋ ಆ ಸಾಲನ್ನು! ಹೊರಡುವವರು ಇನ್ನೇನು ಹೇಳುತ್ತಾರೆ? ಅದು ಮಾತೇ ಅಲ್ಲ, ಚಪ್ಪಲಿ ಮೆಟ್ಟುವಾಗ ಬರುವ ಸದ್ದಿನಂಥದು. ಬರೆದ ಭಾವನ ಕಣ್ಣಿಗೂ ಬಿದ್ದಿಲ್ಲ, ಓದಿ ಅತ್ತವರ ಕಣ್ಣಿಗೂ ಬಿದ್ದಿಲ್ಲ. ಆದರೆ ಮಾತು ನಡೆದೇ ತೀರುವ ಲೋಕದಲ್ಲಿ "ಹೋಗಿ ಬರ್ತೀನಿ" ಎಂದು ಹೋದವಳು ಬಾರದೆ ಇರುವುದು ಹೇಗೆ? ಶಾಶ್ವತವಾಗಿ ಹೋಗುವುದು ಹೇಗೆ?

ಅವಳು ಹಿಂದಿನ ಪುಟಗಳನ್ನು ತಿರುವಿಹಾಕಿದಳು. ಮಂತ್ರದ ಯುಗದಲ್ಲಿ ಭಾವ ಹಳೆಗನ್ನಡದ ಬಿಗಿಯಲ್ಲಿ ಬರೆದಿದ್ದರು. ಅಲ್ಲಿ ಬೆಂಕಿ ತರಲು ಹೊರಟ ಕಿರಿಯ ರಾಣಿ "ಪೋಗಿ ಬರ್ಪೆಂ" ಎನ್ನುತ್ತಾಳೆ, ಬೆಂಕಿಯಲ್ಲೇ ಬೆಂದು, ಬೂದಿಯಾಗಿ ಗಾಳಿಯ ಬೆನ್ನೇರಿ ಕೋಟೆಗೆ ಮರಳುತ್ತಾಳೆ. ಕತ್ತಿಯ ಯುಗದಲ್ಲಿ ಯುದ್ಧಕ್ಕೆ ನಡೆದ ಕಮ್ಮಾರನ ಹೆಂಡತಿ "ಹೋಗಿ ಬಹೆನು" ಎನ್ನುತ್ತಾಳೆ, ಒಂದು ಕೈ ಕಳೆದುಕೊಂಡು ಬಂದು ಮತ್ತೆ ಕುಲುಮೆಯ ತಿದಿ ಒತ್ತುತ್ತಾಳೆ. ಗಂಡಸರು? ಮೂರೂ ಯುಗಗಳಲ್ಲಿ ಗಂಡಸರು "ಹೊರಟೆ" ಎಂದಷ್ಟೇ ಹೇಳುತ್ತಾರೆ. ಹೊರಟವರು ಕಡಲಾಚೆ ರಾಜ್ಯ ಕಟ್ಟುತ್ತಾರೆ, ಇಲ್ಲವೇ ಸತ್ತು ಕೋಟೆಬಾಗಿಲಲ್ಲಿ ಪ್ರತಿಮೆಯಾಗುತ್ತಾರೆ. ನುಡಿ ಬದಲಾಗಿದೆ, ಉಡುಪು ಬದಲಾಗಿದೆ, ಮಂತ್ರ ಹೋಗಿ ಕತ್ತಿ ಬಂದು, ಕತ್ತಿ ಹೋಗಿ ಗಡಿಯಾರ ಬಂದಿದೆ. ಆ ಒಂದು ಮಾತು ಮಾತ್ರ ಸೆರಗಿನ ಗಂಟಿನಂತೆ ಒಬ್ಬಳಿಂದ ಒಬ್ಬಳಿಗೆ ಬಂದಿದೆ.

ಕಿಟಕಿಯಾಚೆಯ ಗೋಡೆ ಇನ್ನೂ ಒಂದು ಹೆಜ್ಜೆ ಹತ್ತಿರ ಬಂದಂತಾಯಿತು. ಅವಳು ಎದ್ದು ಕಿಟಕಿಯ ಚಿಲಕ ತೆಗೆಯಲು ನೋಡಿದಳು. ಅದು ಯಾವತ್ತೋ ಬಣ್ಣ ಬಳಿಯುವಾಗ ಅಂಟಿಕೊಂಡದ್ದು, ಇಂದೂ ಬಿಡಲಿಲ್ಲ.

ಸುಮ್ಮನೆ ಬಿಟ್ಟುಬಿಟ್ಟರೆ? ಯಾರಿಗೂ ಗೊತ್ತಾಗದು. ಪುಟ ಮಗುಚಿದರೆ ಸಂಪುಟ ಮುಗಿಯಿತು, ಸೋಮವಾರ ರೈಲು. ಆದರೆ ತಪ್ಪನ್ನು ಕಂಡೂ ಬಿಡುವುದು ಅವಳಿಂದ ಆಗದು. ಕಣ್ಣಿಗೆ ಬಿದ್ದ ಕಸವನ್ನು ತೆಗೆಯದೆ ಮಲಗಿದ ಹಾಗೆ. ಅಲ್ಲದೆ ಸರಿಪಡಿಸುವುದೇನು ಮಹಾ? ಒಂದು ಪದ. "ಹೋಗ್ತೀನಿ" ಎಂದರಾಯಿತು. ಪಾಪ, ಕೀಲಿಯವಳಾದರೂ ನೆಟ್ಟಗೆ ಹೋಗಲಿ. ಅವಳು "ಬರ್ತೀನಿ"ಯ ಮೇಲೆ ಕೆಂಪು ಗೆರೆ ಎಳೆದು, ಪುಟ ಹಿಡಿದು ಭಾವನ ಕೋಣೆಗೆ ಹೋದಳು.

ಭಾವ ಕನ್ನಡಕವನ್ನು ಹಣೆಯಿಂದ ಇಳಿಸಿಕೊಂಡು ಓದಿದರು. ಅವರ ಮುಖದಲ್ಲಿ ಮೊದಲು ಗೊಂದಲ, ಆಮೇಲೆ ಬೆಳಕು.

"ಅಯ್ಯೋ ಒರೆಗಲ್ಲೇ!" ಎಂದು ಕುರ್ಚಿಯಿಂದ ಎದ್ದೇಬಿಟ್ಟರು. "ಇದು ನನಗೆ ಹೊಳೀಲೇ ಇಲ್ವಲ್ಲ! ಅವಳು ಬರ್ತೀನಿ ಅಂದುಬಿಟ್ಟಿದಾಳೆ!"

"ಹೌದು ಭಾವ. ಅದಕ್ಕೇ ಹೋಗ್ತೀನಿ ಅಂತ ಮಾಡಿದ್ರೆ ಸರಿಹೋಗುತ್ತೆ."

"ಹೋಗ್ತೀನಿ?" ಭಾವ ಹುಳಿ ತಿಂದವರಂತೆ ಮುಖ ಮಾಡಿದರು. "ಯಾರಾದ್ರೂ ಹಾಗಂತಾರೇನಮ್ಮ? ಹೊಸಲು ದಾಟೋ ಹೆಣ್ಣುಮಗಳು ಹೋಗ್ತೀನಿ ಅಂದ್ರೆ ಕೇಳಿದವರ ಎದೆ ಒಡೆದುಹೋಗುತ್ತೆ. ಕಿವಿಗೆ ಕೆಟ್ಟದಾಗಿ ಕೇಳುತ್ತೆ."

"ಗಂಡಸರು ಹೊರಟೆ ಅಂತಾರಲ್ಲ ಭಾವ. ಹಾಗಾದ್ರೂ ಅನ್ನಲಿ."

"ಅದು ಗತ್ತಿನ ಮಾತು. ಇವಳ ಬಾಯಿಗೆ ಒಪ್ಪಲ್ಲ. ನಮ್ಮ ಕೀಲಿಯವಳು ಮೆತ್ತನೆಯವಳು." ಅವರು ಕೋಣೆಯಲ್ಲಿ ಅತ್ತಿಂದಿತ್ತ ನಡೆಯತೊಡಗಿದರು. ಹಾಗೆ ನಡೆದರೆ ಏನೋ ಹುಟ್ಟುತ್ತಿದೆ ಎಂದು ಮನೆಯವರಿಗೆಲ್ಲ ಗೊತ್ತು. "ಇಲ್ಲ, ಮಾತು ಹಾಗೇ ಇರಲಿ. ಅವಳು ಬರಬೇಕು. ಬಂದೇ ಬರ್ತಾಳೆ! ಕಾಲ ನಿಂತುಹೋದ ಕೋಟೆಗೆ ಕೀಲಿಯವಳು ತಿರುಗಿ ಬರ್ತಾಳೆ. ಅದೇ ನಾಲ್ಕನೇ ಯುಗ! ಮೂರಕ್ಕೆ ಮುಗೀತು ಅಂದ್ಕೊಂಡಿದ್ದೆ ಕಣಮ್ಮ, ಪೂರ್ತಿ ಬತ್ತಿಹೋಗಿದ್ದೆ. ನೀನು ಬಾವಿ ತೋಡಿಕೊಟ್ಟೆ."

ಅವಳ ಕೈಯಲ್ಲಿ ಕೆಂಪು ಪೆನ್ನು ಹಾಗೇ ಇತ್ತು. "ಅಷ್ಟು ದೂರ ಹೋದವಳು... ಅವಳಿಗೆ ವಾಪಸ್ ಬರೋಕೆ ಇಷ್ಟ ಇದೆಯಾ ಭಾವ?"

"ಇಷ್ಟ ಏನು ಬಂತು? ಮಾತು ಕೊಟ್ಟಿದಾಳಲ್ಲ!"

ಮೆಟ್ಟಿಲ ಬಳಿ ನಿಂತು ಭಾವ ಕೆಳಗಿನವರನ್ನೆಲ್ಲ ಕೂಗಿ ಕರೆದರು. ಗಂಡ ಕೈಗೆ ಮೆತ್ತಿದ ಮಸಿಯಲ್ಲೇ ಹತ್ತಿಬಂದ. ಅತ್ತೆ ಮಂಡಿ ಹಿಡಿದುಕೊಂಡು ನಡುಮೆಟ್ಟಿಲವರೆಗೆ ಬಂದು ನಿಂತರು. ನಾಲ್ಕನೆಯ ಯುಗದ ಸುದ್ದಿ ಕೇಳಿ ಅತ್ತೆಗೆ ಕಣ್ಣು ತುಂಬಿಬಂತು. "ನಮ್ಮನೆ ದೀಪ ಕಣಮ್ಮ ನೀನು," ಎಂದು ಸೊಸೆಯ ಕೆನ್ನೆ ಸವರಿದರು. "ಇವನಿಗೆ ಬರೆಯೋಕೆ ಇಲ್ದೇ ಇದ್ರೆ ಹೇಗಿರ್ತಾನೆ ಅಂತ ನಿನಗೇ ಗೊತ್ತಲ್ಲ. ಇನ್ನು ನಾಲ್ಕಾರು ವರ್ಷಕ್ಕೆ ಚಿಂತೆಯಿಲ್ಲ." ಗಂಡ, "ಹಾಗಾದ್ರೆ ಕಾಗದಕ್ಕೆ ಈಗ್ಲೇ ಹೇಳಿಡ್ತೀನಿ" ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗುವಾಗ ಎದೆಯೊಳಗೆ ಯಾರೋ ಬಾಗಿಲಿಗೆ ಅಗುಳಿ ಜಡಿದ ಸದ್ದು ಅವಳಿಗೊಬ್ಬಳಿಗೆ ಕೇಳಿಸಿತು.

"ಶಹಬ್ಬಾಸ್!" ಅಂದಳು ಹೊಲಿಗೆಯಕ್ಕ, ಸಂಗತಿ ಕೇಳಿ. ಸೂಜಿಯನ್ನು ಫಾರಂನೊಳಗಿಂದ ಎಳೆದು ದಾರವನ್ನು ಹಲ್ಲಲ್ಲಿ ಕಡಿದಳು. "ನಿನ್ನ ಕಾಲಿಗೆ ನೀನೇ ಹಗ್ಗ ಕಟ್ಕೊಂಡು, ಗಂಟು ಗಟ್ಟಿಯಾಗಿದೆಯಾ ಅಂತ ಎಳೆದೂ ನೋಡಿದೀಯ. ನಿನ್ನಂಥ ಜಾಣೆ ಈ ಬೀದೀಲೇ ಇಲ್ಲ ಬಿಡು."

"ತಪ್ಪಿತ್ತಕ್ಕ. ಕಂಡಮೇಲೆ ಹೇಗೆ ಬಿಡೋದು?"

"ನಾನು ಎಷ್ಟು ಪುಸ್ತಕದಲ್ಲಿ ಪುಟ ತಲೆಕೆಳಗಾಗಿ ಹೊಲಿದಿದೀನಿ ಗೊತ್ತಾ? ಒಬ್ಬನೂ ಸತ್ತಿಲ್ಲ." ಆಕೆ ಇನ್ನೊಂದು ಫಾರಂ ಎತ್ತಿಕೊಂಡಳು. "ಒಂದು ಮಾತು ಹೇಳ್ಲಾ? ನೀನು ಈ ಮನೇಲಿ ಸಿಕ್ಕಿಬಿದ್ದಿಲ್ಲ. ನಿನ್ನ ಕಣ್ಣಲ್ಲೇ ನೀನು ಸಿಕ್ಕಿಬಿದ್ದಿದೀಯ."

ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ ಎಂದರೆ ಸುಳ್ಳಾದೀತು. ಚೆನ್ನಾಗಿಯೇ ನಿದ್ದೆ ಬಂತು. ಅದೇ ಅವಳನ್ನು ಬೆದರಿಸಿದ್ದು. ಬೆಳಗ್ಗೆ ಎದ್ದಾಗ ನಾಲ್ಕನೆಯ ಯುಗ ಆಗಲೇ ಒಪ್ಪಿತವಾದ ಸಂಗತಿಯಂತೆ, ಹಾಲಿನವನು ಬಂದುಹೋದಷ್ಟು ಸಹಜವಾಗಿ ತಲೆಯಲ್ಲಿ ಕೂತಿತ್ತು. ಕೀಲಿಯವಳಿಗೆ ಈಗ ವಯಸ್ಸೆಷ್ಟಾಗಿರಬೇಕು ಎಂದು ಅವಳ ಮನಸ್ಸು ತಾನಾಗಿಯೇ ಎಣಿಸುತ್ತಿತ್ತು. ಇನ್ನೊಂದು ದಿನ ತಡೆದರೆ ಕಾಲುಗಳು ಬೇರು ಬಿಡುತ್ತವೆ ಎನ್ನಿಸಿ, ಹಲ್ಲುಜ್ಜುತ್ತಿದ್ದ ಗಂಡನ ಹಿಂದೆ ಹೋಗಿ ನಿಂತಳು.

"ರೀ, ನಾನು ಹೋಗ್ತೀನಿ."

"ಹೂಂ. ಬರುವಾಗ ಅಂಗಡೀಲಿ ಬ್ಲೇಡು ತಗೊಂಡ್ಬಾ."

"ಅಂಗಡಿಗಲ್ಲ. ಬಂದರು ಊರಿಗೆ. ನಿಘಂಟು ಕಚೇರೀಲಿ ಕೆಲಸ ಸಿಕ್ಕಿದೆ. ಸೋಮವಾರದಿಂದ."

ಅವನು ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಕನ್ನಡಿಯಲ್ಲಿ ಅವಳನ್ನು ನೋಡಿದ. ಬಾಯಿ ಮುಕ್ಕಳಿಸಿ, ಒರೆಸಿಕೊಂಡು, ಮತ್ತೊಮ್ಮೆ ಒರೆಸಿಕೊಂಡು, "ಎಷ್ಟು ದಿನಕ್ಕೆ?" ಎಂದ.

"ದಿನದ ಲೆಕ್ಕ ಅಲ್ಲ."

"ನನ್ನ ಮೇಲೆ ಸಿಟ್ಟಾ?"

"ಇಲ್ಲ."

"ಅಣ್ಣ ಏನಾದ್ರೂ ಅಂದ್ರಾ? ಅಮ್ಮ?"

"ಯಾರೂ ಏನೂ ಅಂದಿಲ್ಲ. ಎಲ್ಲರೂ ಒಳ್ಳೆಯವರೇ."

"ಮತ್ತೆ?"

ಬೈದಿದ್ದರೆ ಬೈದರು ಎನ್ನಬಹುದಿತ್ತು, ಹೊಡೆದಿದ್ದರೆ ಹೊಡೆದರು ಎನ್ನಬಹುದಿತ್ತು. ಎಲ್ಲರೂ ಅಂಗೈಯಲ್ಲಿಟ್ಟುಕೊಂಡಿದ್ದಾರೆ, ಅಂಗೈ ಮುಚ್ಚಿದೆ, ಒಳಗೆ ಉಸಿರಾಡಲಾಗುತ್ತಿಲ್ಲ ಎಂದು ಹಲ್ಲುಜ್ಜಿ ನಿಂತ ಗಂಡಸಿಗೆ ಹೇಗೆ ಹೇಳುವುದು?

"ಅಲ್ಲಿ ಪದಗಳನ್ನ ನೋಡೋದು ಅಷ್ಟೇ," ಅಂದಳು. "ಪದ, ಅರ್ಥ. ಕಥೆ ಇಲ್ಲ. ಯಾರೂ ಯಾರಿಗೂ ಕಾಯ್ತಿರಲ್ಲ. ನನಗೂ ಹಾಗಿರಬೇಕು ಅನ್ನಿಸಿದೆ. ನೀವೂ ಬನ್ನಿ ಬೇಕಾದ್ರೆ."

ಅವನು ನೆಲದ ಕಡೆ ನೋಡಿದ. ಅದರ ಕೆಳಗೆ ಅವನ ಅಚ್ಚಿನ ಮೆಷೀನು ಇತ್ತು. ಅವನು ಬರುವುದಿಲ್ಲವೆಂದು ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು. ಅವಳಿಗೆ ಅವನ ಮೇಲೆ ಎಂದೂ ಇಲ್ಲದ ಕನಿಕರ ಉಕ್ಕಿಬಂತು. "ಅಣ್ಣನ್ನ ಒಂದು ಮಾತು ಕೇಳು," ಎಂದ ಅವನು ಕೊನೆಗೆ. ಆ ಕನಿಕರವೂ ಆರಿತು.

ಅವಳು ಕೇಳಲಿಲ್ಲ, ಹೇಳಿದಳು. ಊಟದ ಮೇಜಿನಲ್ಲಿ, ಎಲ್ಲರೆದುರು. ಅತ್ತೆ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಕೂತರು. "ಗಂಡನ್ನ ಬಿಟ್ಟು ಊರು ಬಿಡೋದು ಅಂದ್ರೆ ಏನಮ್ಮ? ಜನ ಏನಂತಾರೆ?" ಅಂದರು. ಆಮೇಲೆ ಸೌಟನ್ನು ಮತ್ತೆ ಕೈಗೆತ್ತಿಕೊಂಡು, "ನಾನೂ ಒಂದು ಸಲ ಪೆಟ್ಟಿಗೆ ಕಟ್ಟಿದ್ದೆ. ಹೊಸಲವರೆಗೆ ಹೋಗಿ ಹಾಲು ಒಲೆ ಮೇಲಿಟ್ಟಿದ್ದು ನೆನಪಾಯ್ತು," ಅಂದರು. ಅತ್ತೆಯ ಬಾಯಿಂದ ಅಂಥ ಮಾತನ್ನು ಅವಳು ಕೇಳಿದ್ದು ಅದೇ ಮೊದಲು.

ಅವಳು ಹೆದರಿದ್ದು ಭಾವನಿಗೆ. ಅವರು ಕೂಗಾಡಿದರೆ ಎದುರುತ್ತರ ಕೊಡಲು ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದಳು. ಭಾವ ಕೂಗಾಡಲಿಲ್ಲ. ತುತ್ತು ನುಂಗಿ, ಯೋಚಿಸಿ, ಪ್ರೀತಿಯಿಂದ ನಕ್ಕರು.

"ಹೋಗಿ ಬಾ," ಎಂದರು. "ಒಳ್ಳೇದೇ ಆಯ್ತು. ಗಾಳಿ ಬದಲಾಗುತ್ತೆ. ರೈಲಿದೆ, ಅಂಚೆ ಇದೆ, ಫೋನಿದೆ. ಬರೆದ ಪುಟಗಳನ್ನ ಅಲ್ಲಿಗೇ ಕಳಿಸ್ತೀನಿ, ನೋಡಿ ವಾಪಸ್ ಕಳಿಸು. ಅನುಮಾನ ಬಂದ್ರೆ ರಾತ್ರಿ ಫೋನ್ ಮಾಡ್ತೀನಿ. ನೀನು ಎಲ್ಲಿ ಕೂತ್ರೆ ಅಲ್ಲೇ ನಮ್ಮ ಒರೆಗಲ್ಲು."

ಮೇಜಿನ ಸುತ್ತ ಎಲ್ಲರ ಉಸಿರೂ ಹಗುರಾಯಿತು. ಗಂಡ, "ನಾನು ಹೇಳ್ಲಿಲ್ವಾ, ಅಣ್ಣನ್ನ ಕೇಳು ಅಂತ?" ಎಂದು ಇನ್ನೊಂದು ಸಲ ಬಡಿಸಿಕೊಂಡ. ಅತ್ತೆ ಕಣ್ಣೊರೆಸಿಕೊಂಡರು. ಅವಳು ಮಾತ್ರ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು. ತಡೆದಿದ್ದರೆ ತಳ್ಳಿಕೊಂಡಾದರೂ ಹೋಗಬಹುದಿತ್ತು. ಅವರು ಬಾಗಿಲು ಹಾಕಲಿಲ್ಲ, ಮನೆಯನ್ನೇ ಬಂದರು ಊರಿನವರೆಗೆ ಹಿಗ್ಗಿಸಿಬಿಟ್ಟರು. ಆ ಹಿಂದಿನ ರೂಮಿನಲ್ಲಿ, ಪರಿಚಯವಿಲ್ಲದ ಮಂಚದ ಮೇಲೆ ನೀರ್ಗೋಟೆಯ ಪುಟಗಳು ರಾಶಿ ಬೀಳುವುದನ್ನು ಅವಳು ಕಣ್ಣಾರೆ ಕಂಡಳು. "ಪುಟ ಕಳಿಸಬೇಡಿ ಭಾವ" ಎನ್ನಲು ಬಾಯಿ ತೆರೆದಳು. ಆದರೆ ಅವರ ಮುಖದಲ್ಲಿ ಆ ಬಾವಿ ತೋಡಿದ ಸಂಭ್ರಮ ಇನ್ನೂ ಹಸಿಯಾಗಿತ್ತು. "ನೀರು ಕೊಡಿ" ಎಂದಳು.

ಹೊರಡುವ ದಿನ ಬೆಳಗ್ಗೆ ಗಂಡ ಅವಳ ಪೆಟ್ಟಿಗೆಯನ್ನು ಪ್ರೆಸ್ಸಿನ ಬಾಗಿಲವರೆಗೆ ತಂದಿಟ್ಟು ಬಾಡಿಗೆ ಕಾರು ಕರೆಯಲು ಹೋದ. ಅವಳು ಅತ್ತೆಯ ಕುರ್ಚಿಯ ಬಳಿ ಬಗ್ಗಿದಳು. ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದಳು, ಹೋಗ್ತೀನಿ ಎನ್ನಬೇಕು, ಅಷ್ಟೇ, ಮುಂದೆ ಏನೂ ಬೇಡ. ಅತ್ತೆ ಅವಳ ಎರಡೂ ಕೈ ಹಿಡಿದುಕೊಂಡರು. ಅವಳ ನಾಲಿಗೆ, ಯಾರ ಅಪ್ಪಣೆಯನ್ನೂ ಕೇಳದೆ, ಹುಟ್ಟಿದಾರಭ್ಯ ಕಲಿತದ್ದನ್ನೇ ಹೇಳಿತು.

"ಹೋಗಿ ಬರ್ತೀನಿ, ಅತ್ತೆ."

"ಹೋಗಿ ಬಾಮ್ಮ," ಅಂದರು ಅತ್ತೆ. ಕೈ ಬಿಟ್ಟರು.

ಮೆಟ್ಟಿಲಿಳಿಯುವಾಗ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಮೂರು ಯುಗಗಳ ಹೆಂಗಸರನ್ನು ಒರೆಗೆ ಹಚ್ಚಿ ತಪ್ಪು ಹಿಡಿದವಳು, ತನ್ನ ಬಾಯಲ್ಲಿ ಅದೇ ತಪ್ಪು! ಹೊಲಿಗೆಯಕ್ಕ ಕೂತಲ್ಲಿಂದಲೇ ಹುಬ್ಬು ಹಾರಿಸಿದಳು. ಎದ್ದುಬಂದು ಬೀಳ್ಕೊಡುವ ಜಾಯಮಾನದವಳಲ್ಲ ಆಕೆ. "ಏನೇ, ಟೀ ಕುಡಿಸಿದ್ರಾ?" ಎಂದಷ್ಟೇ ಕೇಳಿದಳು.

"ಕುಡಿಸಿದ್ರು," ಅಂದಳು ಅವಳು.

"ಹಾಗಾದ್ರೆ ಬೇಗ ನಡಿ."

ಕಾರು ಬಂದು ನಿಂತಿತು. ಗಂಡ ಪೆಟ್ಟಿಗೆಯನ್ನು ಹಿಂದೆ ಇಡುತ್ತಿದ್ದ. ಅಷ್ಟರಲ್ಲಿ ಮಹಡಿಯಿಂದ ದಡದಡನೆ ಸದ್ದು. ಭಾವ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು, ಕೈಯಲ್ಲೊಂದು ಹಾಳೆ ಹಿಡಿದು ಇಳಿದುಬಂದರು. ಮುಖ ಕೆಂಪೇರಿತ್ತು. ಬೆಳಗಿನಿಂದ ಬರೆದದ್ದಿರಬೇಕು, ಬೆರಳಿಗೆ ಮಸಿಯಾಗಿತ್ತು.

"ಮೊದಲನೇ ಪುಟ!" ಎಂದರು ಏದುಸಿರಿನಲ್ಲಿ. "ನಾಲ್ಕನೇ ಯುಗದ್ದು. ನೀನು ನೋಡದೆ ಎರಡನೇ ಪುಟಕ್ಕೆ ಹೋಗೋಕೆ ಕೈ ಬರಲ್ಲ ಕಣಮ್ಮ. ಒಂದೇ ಪುಟ. ಓದಿಬಿಡು, ನಿಂತ ಹಾಗೇ."

ಹಾಳೆಯ ಜೊತೆಗೆ ತಮ್ಮ ಜೇಬಿನ ಪೆನ್ನನ್ನೂ ತೆಗೆದು ಮುಂದೆ ಚಾಚಿದರು. ಅವಳು ಹಾಳೆ ತೆಗೆದುಕೊಂಡಳು. ಓದದೆ ಇರುವುದು ಅವಳಿಗೆ ಗೊತ್ತಿರಲಿಲ್ಲ.

ಚೆನ್ನಾಗಿತ್ತು. ಭಾವ ಹಾಗೆ ಬರೆದು ಎಷ್ಟೋ ವರ್ಷವಾಗಿತ್ತು. ಕಾಲ ನಿಂತ ಕೋಟೆ, ಅರ್ಧಕ್ಕೆ ನಿಂತ ಹಕ್ಕಿ, ಅರ್ಧಕ್ಕೆ ನಿಂತ ಅಲೆ. ದೂರದಲ್ಲಿ ನರೆತ ತಲೆಯ ಹೆಂಗಸೊಬ್ಬಳು, ಬರಲು ಮನಸ್ಸಿಲ್ಲದೆ, ಮಾತು ಎಳೆದ ಕಡೆಗೆ ಕಾಲು ಹಾಕುತ್ತ ಬರುತ್ತಿದ್ದಾಳೆ. ಕಲ್ಲಿನ ಉದ್ದನೆಯ ಸೇತುವೆಯ ಮೇಲೆ ಅವಳ ನೆರಳು ಅವಳಿಗಿಂತ ಮುಂದೆ ಕೋಟೆಯನ್ನು ಮುಟ್ಟುತ್ತದೆ.

ಸೇತುವೆ.

ನೀರ್ಗೋಟೆಗೆ ಸೇತುವೆಯಿಲ್ಲ. ಕತ್ತಿಯ ಯುಗದ ಕೊನೆಯ ಮುತ್ತಿಗೆಯಲ್ಲಿ ಅದು ಬಿದ್ದುಹೋಗಿದೆ, ಅದರ ಕಲ್ಲುಗಳು ಕೋಟೆಯ ಸುತ್ತಲಿನ ಕೆರೆಯ ತಳದಲ್ಲಿವೆ. ಇನ್ನೆಂದೂ ಅಲ್ಲಿ ಸೇತುವೆ ನಿಲ್ಲದು ಎಂದು ಸಾಯುವ ರಾಜ ಬಾಯಿಬಿಟ್ಟು ಹೇಳಿದ್ದಾನೆ. ಅದೂ ಆಡಿದ ಮಾತೇ. ಭಾವನಿಗೆ ಮರೆತಿದೆ. ಈ ಪುಟದ ಮೇಲೆ ಎರಡನೆಯ ಪುಟ, ಅದರ ಮೇಲೆ ನೂರನೆಯ ಪುಟ ಏರುತ್ತದೆ. ಎಲ್ಲವೂ ಇಲ್ಲದ ಸೇತುವೆಯ ಮೇಲೆ.

ಅವಳ ಬಲಗೈ ತಾನಾಗಿಯೇ ಎದ್ದಿತು. ಪೆನ್ನಿನವರೆಗೆ ಹೋಯಿತು. ಬೆರಳುಗಳಿಗೆ ಲೋಹದ ತಂಪು ತಾಗಿತು. ಒಂದು ಗೆರೆ ಸಾಕು. ಸೇತುವೆ ಹೊಡೆದುಹಾಕಿ ದೋಣಿ. ಗೆರೆ ಎಳೆದರೆ ಎರಡನೆಯ ಪುಟ ಅಂಚೆಯಲ್ಲಿ ಬರುತ್ತದೆ, ಮೂರನೆಯದು ಬರುತ್ತದೆ, ರಾತ್ರಿ ಫೋನ್ ಹೊಡೆದುಕೊಳ್ಳುತ್ತದೆ. ನರೆತ ತಲೆಯ ಆ ಹೆಂಗಸು ಕೋಟೆ ಸೇರುತ್ತಾಳೆ, ಮೊಳೆಯಿಂದ ಕೀಲಿ ಇಳಿಸುತ್ತಾಳೆ.

ಕಣ್ಣಲ್ಲಿ ಕಸ ಬಿದ್ದಂತೆ ಆ ಪದ ಚುಚ್ಚುತ್ತಿತ್ತು. ನೀರೂ ಬಂತು.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಹಾಳೆಯನ್ನು ಮಡಿಕೆ ಬೀಳದ ಹಾಗೆ ಎರಡೂ ಕೈಯಲ್ಲಿ ಹಿಡಿದು ವಾಪಸ್ಸು ಕೊಟ್ಟಳು.

"ತುಂಬಾ ಚೆನ್ನಾಗಿದೆ, ಭಾವ."

"ಅಳ್ತಿದೀಯಾ!" ಭಾವನ ಮುಖ ಅರಳಿತು. ಆಮೇಲೆ ಹಾಳೆಯನ್ನು ತಿರುಗಿಸಿ ನೋಡಿದರು, ಅಂಚು ನೋಡಿದರು. ಎಲ್ಲೂ ಗುರುತಿರಲಿಲ್ಲ. "ಏನೂ ಸಿಗ್ಲಿಲ್ವಾ?"

"ಏನೂ ಇಲ್ಲ."

"ಒಂದೂ?"

"ನೀವೇ ಇನ್ನೊಂದು ಸಲ ನೋಡಿಕೊಳ್ಳಿ ಭಾವ," ಎಂದಳು ಅವಳು. "ಇನ್ಮೇಲೆ ನೀವೇ ನೋಡಿಕೊಳ್ಳಿ. ನನಗೆ ಕಳಿಸಬೇಡಿ."

ಅವರಿಗೆ ಅದು ಅರ್ಥವಾಯಿತೋ ಇಲ್ಲವೋ, ಅವಳು ಕಾಯಲಿಲ್ಲ. ಕಾರಿನೊಳಗೆ ಕೂತು ಬಾಗಿಲನ್ನು ತಾನೇ ಎಳೆದುಕೊಂಡಳು. ಗಂಡ ಮುಂದಿನ ಸೀಟಿನಲ್ಲಿ ಕೂತು, ಸ್ಟೇಷನ್ನಿಗೆ ಹೋಗುವ ದಾರಿಯನ್ನು ಚಾಲಕನಿಗೆ ಬೇಡದಿದ್ದರೂ ವಿವರಿಸತೊಡಗಿದ. ಕಾರು ಬೀದಿಯ ತಿರುವಿಗೆ ಬಂದಾಗ ಅವಳು ಒಮ್ಮೆ ಹಿಂದೆ ನೋಡಿದಳು. ಭಾವ ಇನ್ನೂ ಪ್ರೆಸ್ಸಿನ ಬಾಗಿಲಲ್ಲೇ ನಿಂತಿದ್ದರು, ಒಂದು ಕಾಲಿನ ಚಪ್ಪಲಿಯಲ್ಲಿ. ಕನ್ನಡಕವನ್ನು ಹಣೆಯಿಂದ ಕೆಳಗಿಳಿಸಿಕೊಂಡು, ಹಾಳೆಯನ್ನು ಮುಖದ ಹತ್ತಿರ ಹಿಡಿದು, ಬೆರಳನ್ನು ಮೊದಲ ಸಾಲಿನ ಮೇಲಿಟ್ಟಿದ್ದರು.